ಧಾನ್ಯಗಳ ತವರನ್ನರಸಿದ ವವಿಲೋವ್

ಪ್ರತಿದಿನವೂ ಎಲೆಯ ಮುಂದೆ ಕುಳಿತು ಅನ್ನವನ್ನೋ ಮುದ್ದೆಯನ್ನೋ ರೊಟ್ಟಿಯನ್ನೋ ಉಣ್ಣುವ ನಾವು, ಈ ಕಾಳನ್ನು ಮೊಟ್ಟಮೊದಲು ಯಾವ ನೆಲದಲ್ಲಿ ಯಾರು ಬಿತ್ತಿದರು ಎಂದು ಯೋಚಿಸುವುದು ವಿರಳ. ಯೋಚಿಸಿದರೂ ಉತ್ತರ ಸುಲಭವಾಗಿ ದೊರೆಯದು. ಅಕ್ಷರ ಹುಟ್ಟುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಬೇಸಾಯ ಹುಟ್ಟಿತು. ಆದುದರಿಂದ ಅದರ ಆದಿಯನ್ನು ಹೇಳುವ ಶಾಸನವೂ ಇಲ್ಲ, ಗ್ರಂಥವೂ ಇಲ್ಲ. ಸಾಕ್ಷಿ ನುಡಿಯಬಲ್ಲವು ಎರಡೇ. ಹೊಲದಲ್ಲಿಯೂ ಕಾಡಿನಲ್ಲಿಯೂ ಇಂದಿಗೂ ಬೆಳೆಯುತ್ತಿರುವ ಜೀವಂತ ಸಸ್ಯಗಳು ಒಂದು. ಪ್ರಾಚೀನರ ಒಲೆಗಳ ಬೂದಿಯಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳು ಮತ್ತೊಂದು.

ಮೊದಲನೆಯ ಸಾಕ್ಷಿಯನ್ನು ಹುಡುಕಿಕೊಂಡು ಭೂಮಂಡಲವನ್ನೇ ಸುತ್ತಿದವನು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ಇವಾನೊವಿಚ್ ವವಿಲೋವ್. ಎರಡನೆಯ ಸಾಕ್ಷಿ ಸ್ಪಷ್ಟವಾಗಿ ಮಾತನಾಡತೊಡಗಿದಾಗ ಆತನು ಬದುಕಿರಲಿಲ್ಲ. ಮನುಷ್ಯನ ಅನ್ನದ ಮೂಲವನ್ನರಸಿದ ಆ ಮಹನೀಯನು ಅನ್ನವಿಲ್ಲದೆ ಸೆರೆಮನೆಯಲ್ಲಿ ಪ್ರಾಣ ಬಿಟ್ಟನು. ಆತನ ಜೀವನವನ್ನೂ, ಆತನು ಕೇಳಿದ ಪ್ರಶ್ನೆಗೆ ಆಮೇಲೆ ನೆಲವು ಕೊಟ್ಟ ಉತ್ತರವನ್ನೂ ಒಟ್ಟಿಗೆ ತಿಳಿಯುವುದು ವಿದ್ಯಾರ್ಥಿಗಳಾದ ನಮಗೆ ಉಚಿತ.

ವವಿಲೋವನು ೧೮೮೭ನೆಯ ನವೆಂಬರ್ ೨೫ರಂದು ಮಾಸ್ಕೋ ನಗರದಲ್ಲಿ ಜನಿಸಿದನು. ತಂದೆ ಇವಾನ್ ವವಿಲೋವ್ ಒಬ್ಬ ಹಳ್ಳಿಯ ರೈತನ ಮಗ. ನಗರಕ್ಕೆ ಬಂದು ಸ್ವಂತ ದುಡಿಮೆಯಿಂದ ಬಟ್ಟೆಯ ವ್ಯಾಪಾರದಲ್ಲಿ ಮೇಲೆ ಬಂದವನು. ಮಕ್ಕಳು ತನ್ನ ವ್ಯಾಪಾರವನ್ನು ಮುಂದುವರಿಸಲೆಂಬುದು ತಂದೆಯ ಬಯಕೆ. ಆದರೆ ಹಿರಿಯ ಮಗ ನಿಕೊಲಾಯ್ ಸಸ್ಯಶಾಸ್ತ್ರವನ್ನೂ, ಕಿರಿಯ ಮಗ ಸೆರ್ಗೆಯ್ ಭೌತಶಾಸ್ತ್ರವನ್ನೂ ಆರಿಸಿಕೊಂಡರು. ನಿಕೊಲಾಯ್ ಮಾಸ್ಕೋದ ಕೃಷಿವಿದ್ಯಾಲಯವನ್ನು ಸೇರಿದನು. ವಿದ್ಯಾರ್ಥಿದೆಸೆಯಲ್ಲಿ ಆತನು ಬರೆದ ಪ್ರಬಂಧದ ವಿಷಯ ಪೈರನ್ನು ತಿನ್ನುವ ಗೊಂಡೆಹುಳುಗಳು. ದೊಡ್ಡ ಸಿದ್ಧಾಂತಗಳಿಗೆ ಹೆಸರಾಗಲಿದ್ದವನು ಹೊಲದ ಹುಳುವಿನಿಂದ ಆರಂಭಿಸಿದನೆಂಬುದು ಗಮನಿಸತಕ್ಕ ಸಂಗತಿ.

೧೯೧೩ರಲ್ಲಿ ಆತನು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋದನು. ಮೆಂಡೆಲನ ಅನುವಂಶೀಯತೆಯ ನಿಯಮಗಳನ್ನು ಲೋಕಕ್ಕೆ ಪರಿಚಯ ಮಾಡಿಕೊಡುವುದರಲ್ಲಿ ಮುಂದಾಳಾಗಿದ್ದ ವಿಲಿಯಂ ಬೇಟ್ಸನ್ ಅಲ್ಲಿ ಆತನಿಗೆ ಗುರುವಾದನು. ತಂದೆತಾಯಿಗಳ ಗುಣಗಳು ಯಾವ ಕ್ರಮದಲ್ಲಿ ಸಂತತಿಗೆ ಇಳಿದುಬರುತ್ತವೆ, ಒಂದೇ ಜಾತಿಯ ಗಿಡಗಳಲ್ಲಿ ವೈವಿಧ್ಯ ಹೇಗೆ ಹುಟ್ಟುತ್ತದೆ ಎಂಬ ವಿಚಾರವೇ ಅಂದಿನಿಂದ ಆತನ ಬಾಳಿನ ಚಿಂತನೆಯಾಯಿತು. ೧೯೧೪ರಲ್ಲಿ ಮಹಾಯುದ್ಧ ಮೊದಲಾಗಲು ಆತನು ಸ್ವದೇಶಕ್ಕೆ ಹಿಂದಿರುಗಿದನು.

ಆ ಯುದ್ಧವೇ ಆತನನ್ನು ಮೊದಲ ಸಲ ಪೂರ್ವದೇಶಗಳಿಗೆ ಕಳುಹಿಸಿತು. ಪರ್ಷಿಯಾದಲ್ಲಿದ್ದ ರಷ್ಯದ ಸೈನಿಕರು ಅಲ್ಲಿನ ಹಿಟ್ಟಿನ ರೊಟ್ಟಿಯನ್ನು ತಿಂದು ಕಾಯಿಲೆ ಬೀಳುತ್ತಿದ್ದರು. ಕಾರಣವನ್ನು ಕಂಡುಹಿಡಿಯಲು ೧೯೧೬ರಲ್ಲಿ ವವಿಲೋವನು ಹೋದನು. ಗೋಧಿಯೊಡನೆ ಬೆಳೆದ ವಿಷಕಳೆಯ ಬೀಜವು ಹಿಟ್ಟಿನಲ್ಲಿ ಬೆರೆತಿರುವುದನ್ನು ತೋರಿಸಿಕೊಟ್ಟನು. ಬಂದ ಕೆಲಸ ಮುಗಿದರೂ ಆತನು ಒಡನೆಯೇ ಹಿಂದಿರುಗಲಿಲ್ಲ. ಪರ್ಷಿಯಾದ ಹೊಲಗಳನ್ನೂ ಪಾಮೀರದ ಪರ್ವತಗಳ ಕಣಿವೆಗಳನ್ನೂ ಸುತ್ತಿ ಧಾನ್ಯದ ತೆನೆಗಳನ್ನು ಕೂಡಿಹಾಕಿದನು. ರಷ್ಯದ ವಿಸ್ತಾರವಾದ ಬಯಲುಗಳಲ್ಲಿ ಕಾಣದ ಎಷ್ಟೋ ಬಗೆಯ ಗೋಧಿಗಳು ಆ ಇಕ್ಕಟ್ಟಾದ ಕಣಿವೆಗಳಲ್ಲಿ ಬೆಳೆಯುತ್ತಿದ್ದುವು. ಇಷ್ಟು ಚಿಕ್ಕ ಸ್ಥಳದಲ್ಲಿ ಇಷ್ಟು ವೈವಿಧ್ಯ ಏಕೆ ಎಂಬ ಪ್ರಶ್ನೆ ಆತನ ಮನಸ್ಸಿನಲ್ಲಿ ಬೇರೂರಿತು.

೧೯೧೭ರಲ್ಲಿ ವವಿಲೋವನು ವೋಲ್ಗಾ ನದಿಯ ದಡದ ಸರಾಟೊವ್ ನಗರದಲ್ಲಿ ಪ್ರಾಧ್ಯಾಪಕನಾದನು. ಕ್ರಾಂತಿ, ಅಂತರ್ಯುದ್ಧ, ಆಹಾರದ ಕೊರತೆ ಇವುಗಳ ನಡುವೆಯೂ ಆತನ ಸಂಶೋಧನೆ ನಿಲ್ಲಲಿಲ್ಲ. ೧೯೨೦ರಲ್ಲಿ ಅದೇ ನಗರದಲ್ಲಿ ಸೇರಿದ ಸಸ್ಯತಳಿ ವಿಜ್ಞಾನಿಗಳ ಸಮ್ಮೇಳನದಲ್ಲಿ ತನ್ನ ಪ್ರಸಿದ್ಧ ನಿಯಮವನ್ನು ಮಂಡಿಸಿದನು. ಹತ್ತಿರದ ಸಂಬಂಧವುಳ್ಳ ಸಸ್ಯಗಳಲ್ಲಿ ವ್ಯತ್ಯಾಸಗಳು ಒಂದೇ ಸಾಲಿನಲ್ಲಿ ತಲೆದೋರುತ್ತವೆ ಎಂಬುದು ಅದರ ಸಾರ. ಗೋಧಿಯಲ್ಲಿ ಮುಳ್ಳುಳ್ಳ ತೆನೆಯೂ ಮುಳ್ಳಿಲ್ಲದ ತೆನೆಯೂ, ಬಿಳಿಯದೂ ಕೆಂಪಿನದೂ ಕರಿಯದೂ ಇದ್ದರೆ, ಬಾರ್ಲಿಯಲ್ಲಿಯೂ ಅಂಥವನ್ನೇ ನಿರೀಕ್ಷಿಸಬಹುದು. ಇನ್ನೂ ಸಿಕ್ಕದಿದ್ದರೆ ಹುಡುಕಬಹುದು. ಇದರಿಂದ ಸಸ್ಯಗಳ ಅನ್ವೇಷಣೆಗೆ ಒಂದು ದಿಕ್ಕು ದೊರೆಯಿತು. ಸರಾಟೊವ್ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ನಾವು ಮತ್ತೆ ಆ ಊರಿಗೆ ಬರಬೇಕಾಗಿದೆ.

ಮರುವರ್ಷ ಆತನು ಪೆಟ್ರೊಗ್ರಾಡಿನ ಅನ್ವಯಿಕ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥನಾದನು. ಆ ನಗರಕ್ಕೆ ಮುಂದೆ ಲೆನಿನ್‌ಗ್ರಾಡ್ ಎಂದು ಹೆಸರಾಯಿತು. ಇಂದು ಅದು ಸೇಂಟ್ ಪೀಟರ್ಸ್‌ಬರ್ಗ್. ಆ ಸಣ್ಣ ವಿಭಾಗವನ್ನು ಆತನು ಲೋಕವಿಖ್ಯಾತವಾದ ಸಂಸ್ಥೆಯಾಗಿ ಬೆಳೆಸಿದನು. ಬರಗಾಲಗಳಿಂದ ನೊಂದ ದೇಶಕ್ಕೆ ಚಳಿಯನ್ನೂ ಅನಾವೃಷ್ಟಿಯನ್ನೂ ರೋಗಗಳನ್ನೂ ತಾಳಬಲ್ಲ ತಳಿಗಳು ಬೇಕಾಗಿದ್ದುವು. ಅವನ್ನು ಪಡೆಯಬೇಕಾದರೆ ಲೋಕದ ಮೂಲೆಮೂಲೆಯ ಬೀಜಗಳೆಲ್ಲ ಒಂದೆಡೆ ಸೇರಬೇಕು. ಬೀಜಗಳನ್ನು ಎಲ್ಲಿ ಹುಡುಕಬೇಕೆಂದು ತಿಳಿಯಲು ಬೆಳೆಗಳ ತವರು ಎಲ್ಲಿಯದೆಂದು ತಿಳಿಯಬೇಕು. ಹೀಗೆ ಬೇಸಾಯದ ಮೂಲವನ್ನು ಕುರಿತ ಪ್ರಶ್ನೆ ಆತನಿಗೆ ಬರಿಯ ಇತಿಹಾಸದ ಕುತೂಹಲವಾಗಿರಲಿಲ್ಲ. ನಾಳಿನ ಅನ್ನದ ಪ್ರಶ್ನೆಯಾಗಿತ್ತು.

ಇದಕ್ಕೆ ಮುಂಚೆ ವಿದ್ವಾಂಸರು ಈ ಪ್ರಶ್ನೆಯನ್ನು ಕೇಳಿರಲಿಲ್ಲವೆಂದಲ್ಲ. ಸ್ವಿಟ್ಸರ್ಲೆಂಡಿನ ಸರೋವರಗಳ ಕೆಸರಿನಲ್ಲಿ ದೊರೆತ ಪ್ರಾಚೀನ ಧಾನ್ಯಗಳನ್ನು ಓಸ್ವಾಲ್ಡ್ ಹೇರ್ ೧೮೬೫ರಲ್ಲಿ ವರ್ಣಿಸಿದ್ದನು. ಜಿನೀವಾದ ಆಲ್ಫೋನ್ಸ್ ಡಿ ಕಾಂಡೋಲ್ ಬೆಳೆಗಳ ಮೂಲವನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ರಚಿಸಿದ್ದನು. ಗೋಧಿಯ ಪೂರ್ವಜವೆನಿಸಿದ ಕಾಡು ಎಮ್ಮರ್ ಗೋಧಿಯನ್ನು ಆರನ್ ಆರನ್‌ಸನ್ ೧೯೦೬ರಲ್ಲಿ ಪ್ಯಾಲೆಸ್ತೀನಿನ ಬೆಟ್ಟದ ಬಂಡೆಗಳ ನಡುವೆ ಕಂಡುಹಿಡಿದಿದ್ದನು. ಈ ಎಮ್ಮರ್ ನಮಗೆ ಅಪರಿಚಿತವಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಜವೆಗೋಧಿ, ಖಪ್ಲಿ ಎಂದು ಕರೆದು ಬೆಳೆಯುವ, ಹೊಟ್ಟು ಬಿಡಿಸಲು ಕುಟ್ಟಬೇಕಾದ ಗೋಧಿಯು ಅದೇ ಜಾತಿಗೆ ಸೇರಿದುದು.

ವವಿಲೋವನು ಹಿಡಿದ ದಾರಿ ಬೇರೆ. ಆತನು ಒಂದೊಂದು ಬೆಳೆಯ ಸಾವಿರಾರು ಮಾದರಿಗಳನ್ನು ಕೂಡಿಸಿ, ವೈವಿಧ್ಯವು ಎಲ್ಲಿ ಅತಿಶಯವಾಗಿದೆ ಎಂದು ಭೂಪಟದ ಮೇಲೆ ಗುರುತಿಸಿದನು. ಒಂದು ಭಾಷೆಯ ತವರಿನಲ್ಲಿ ಹಳ್ಳಿಗೊಂದು ನುಡಿಯ ಬಗೆ ಇರುವಂತೆ, ಬೆಳೆಯು ಬಹುಕಾಲದಿಂದ ನೆಲೆಸಿರುವ ಕಡೆ ತಳಿಗಳು ಹೆಚ್ಚಾಗಿರಬೇಕೆಂಬುದು ಆತನ ತರ್ಕ.

ಈ ತರ್ಕವನ್ನು ಹಿಡಿದು ಆತನು ೧೯೨೪ರಲ್ಲಿ ಆಫ್ಘಾನಿಸ್ತಾನವನ್ನು ಹೊಕ್ಕನು. ಕುದುರೆಗಳ ತಂಡದೊಡನೆ ಸುಮಾರು ೫೦೦೦ ಕಿಲೋಮೀಟರು ಸಂಚರಿಸಿ, ಹಿಂದೂಕುಷ್ ಪರ್ವತದ ದುರ್ಗಮವಾದ ಕಣಿವೆಗಳನ್ನು ದಾಟಿ, ಸಾವಿರಾರು ಬೀಜಮಾದರಿಗಳನ್ನು ತಂದನು. ಅಲ್ಲಿನ ಗೋಧಿಯ ಹೊಲಗಳಲ್ಲಿ ರೈ ಎಂಬ ಧಾನ್ಯ ಕಳೆಯಾಗಿ ಬೆಳೆಯುತ್ತಿತ್ತು; ರೈತರು ಅದನ್ನು ಶಪಿಸುತ್ತಿದ್ದರು. ಆದರೆ ಬೆಟ್ಟವನ್ನು ಏರಿದಷ್ಟೂ ಚಳಿಗೆ ಗೋಧಿ ಸೊರಗಿ, ರೈ ಮೇಲುಗೈ ಪಡೆಯುತ್ತಿತ್ತು. ಉತ್ತರದ ರಷ್ಯದಲ್ಲಿ ಕೋಟ್ಯಂತರ ಜನರ ಹೊಟ್ಟೆ ತುಂಬಿಸುವ ರೈ ಹೀಗೆ ಗೋಧಿಯ ಹಿಂದೆ ಕಳೆಯಾಗಿ ಹೊರಟು ತಾನೇ ಬೆಳೆಯಾಯಿತೆಂದು ಆತನು ಊಹಿಸಿದನು.

೧೯೨೬-೨೭ರಲ್ಲಿ ಆತನು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳನ್ನೂ, ಸಿರಿಯಾ, ಪ್ಯಾಲೆಸ್ತೀನ್, ಅಬಿಸೀನಿಯಾಗಳನ್ನೂ ಸಂದರ್ಶಿಸಿದನು. ೧೯೨೯ರಲ್ಲಿ ಪಶ್ಚಿಮ ಚೀನಾ, ಜಪಾನ್, ಕೊರಿಯಾ. ಆಮೇಲೆ ಮೆಕ್ಸಿಕೊ, ದಕ್ಷಿಣ ಅಮೆರಿಕ. ಭಾರತವನ್ನು ಬೆಳೆಗಳ ಮುಖ್ಯ ತವರುಗಳಲ್ಲಿ ಒಂದೆಂದು ಎಣಿಸಿದ್ದರೂ ಆತನಿಗೆ ನಮ್ಮ ನೆಲವನ್ನು ಮೆಟ್ಟುವ ಯೋಗ ಬರಲಿಲ್ಲ. ಆತನ ಸಂಸ್ಥೆಯ ಮಾರ್ಕೊವಿಚ್ ಇಲ್ಲಿಗೆ ಬಂದು ಬೀಜಗಳನ್ನು ಒಯ್ದನು. ೧೯೪೦ರ ವೇಳೆಗೆ ಲೆನಿನ್‌ಗ್ರಾಡಿನಲ್ಲಿ ಸುಮಾರು ೨,೫೦,೦೦೦ ಮಾದರಿಗಳು ಸೇರಿದ್ದುವು. ಅಷ್ಟು ದೊಡ್ಡ ಬೀಜಭಂಡಾರ ಅಂದು ಲೋಕದಲ್ಲಿ ಮತ್ತೊಂದಿರಲಿಲ್ಲ.

೧೯೨೬ರಲ್ಲಿ ಬೆಳೆಗಳ ಮೂಲಕೇಂದ್ರಗಳನ್ನು ಕುರಿತ ಆತನ ಗ್ರಂಥ ಪ್ರಕಟವಾಯಿತು. ಅದನ್ನು ಆತನು ಡಿ ಕಾಂಡೋಲನ ಸ್ಮರಣೆಗೆ ಅರ್ಪಿಸಿದನು. ಮೊದಲು ಐದೆಂದು ಹೇಳಿದ ಕೇಂದ್ರಗಳು ೧೯೩೫ರ ಹೊತ್ತಿಗೆ ಎಂಟಾದುವು. ಆ ಗ್ರಂಥದಲ್ಲಿ ಒಂದು ದಿಟ್ಟವಾದ ಮಾತಿತ್ತು. ನೈಲ್, ಯೂಫ್ರೆಟಿಸ್ ಮೊದಲಾದ ಮಹಾನದಿಗಳ ಬಯಲುಗಳೇ ಬೇಸಾಯದ ತೊಟ್ಟಿಲೆಂದು ಬಹುಮಂದಿ ಇತಿಹಾಸಕಾರರು ನಂಬಿದ್ದ ಕಾಲ ಅದು. ವವಿಲೋವನು ಅದನ್ನು ಒಪ್ಪಲಿಲ್ಲ. ದೊಡ್ಡ ನದಿಯನ್ನು ಹತೋಟಿಗೆ ತರಲು ಬಲಿಷ್ಠವಾದ ರಾಜ್ಯ ಬೇಕು; ಬೇಸಾಯದ ಆರಂಭವು ಅದಕ್ಕಿಂತ ಬಹು ಹಿಂದಿನದು; ಅದು ಬೆಟ್ಟಸೀಮೆಗಳಲ್ಲಿ, ಸಣ್ಣ ಸಣ್ಣ ಗುಂಪುಗಳಿಂದ ಆಗಿರಬೇಕೆಂದು ವಾದಿಸಿದನು. ಗೋಧಿಗಳಲ್ಲಿ ರೊಟ್ಟಿಯ ಗೋಧಿಗೆ ಆಫ್ಘಾನಿಸ್ತಾನದ ಸುತ್ತಣ ನೈಋತ್ಯ ಏಷ್ಯವನ್ನೂ, ಎಮ್ಮರ್ ಮೊದಲಾದ ಗೋಧಿಗಳಿಗೂ ಬಾರ್ಲಿಗೂ ಅಬಿಸೀನಿಯಾವನ್ನೂ ಮುಖ್ಯ ತವರೆಂದು ಹೇಳಿದನು. ನಮ್ಮ ರಾಗಿಯನ್ನೂ ಅಬಿಸೀನಿಯಾದ ಪಟ್ಟಿಯಲ್ಲಿಯೇ ಸೇರಿಸಿದನು.

ಆ ವರ್ಷವೇ ಆತನಿಗೆ ಲೆನಿನ್ ಪಾರಿತೋಷಕ ಬಂದಿತು. ೧೯೨೯ರಲ್ಲಿ ಆತನು ವಿಜ್ಞಾನ ಅಕಾಡೆಮಿಯ ಸದಸ್ಯನೂ ಕೃಷಿವಿಜ್ಞಾನ ಅಕಾಡೆಮಿಯ ಮೊದಲನೆಯ ಅಧ್ಯಕ್ಷನೂ ಆದನು. ಆದರೆ ಏರಿದ ಎತ್ತರದಲ್ಲಿಯೇ ಇಳಿಜಾರೂ ಮೊದಲಾಯಿತು. ಸ್ಟಾಲಿನನ ಸರ್ಕಾರ ರೈತರ ಭೂಮಿಗಳನ್ನು ಬಲಾತ್ಕಾರವಾಗಿ ಒಂದುಗೂಡಿಸಿತು. ೧೯೩೨-೩೩ರಲ್ಲಿ ಭಯಂಕರವಾದ ಕ್ಷಾಮ ತಲೆದೋರಿತು. ಹತ್ತು ಹನ್ನೆರಡು ವರ್ಷ ಹಿಡಿಯುವ ತಳಿಸಂಶೋಧನೆಯನ್ನು ನಾಲ್ಕೈದು ವರ್ಷಗಳಲ್ಲಿ ಮುಗಿಸಬೇಕೆಂದು ಆಜ್ಞೆಯಾಯಿತು. ಅಂಥ ಮಾತನ್ನು ಕೊಡಲು ವವಿಲೋವನ ಶಾಸ್ತ್ರ ಒಪ್ಪುತ್ತಿರಲಿಲ್ಲ. ಮಾತು ಕೊಡಬಲ್ಲ ಇನ್ನೊಬ್ಬನು ಸಿದ್ಧನಾಗಿದ್ದನು. ಆತನೇ ಟ್ರೊಫಿಮ್ ಲೈಸೆಂಕೊ.

ಬೀಜವನ್ನು ತೇವಗೊಳಿಸಿ ಚಳಿಗೊಡ್ಡಿ ಬಿತ್ತಿದರೆ ಬೆಳೆ ಬೇಗ ಬರುವುದೆಂಬ ಪ್ರಯೋಗದಿಂದ ಲೈಸೆಂಕೊ ಹೆಸರು ಪಡೆದನು. ಮೊದಮೊದಲು ವವಿಲೋವನೇ ಆತನಿಗೆ ಪ್ರೋತ್ಸಾಹ ಕೊಟ್ಟನು. ಆದರೆ ಲೈಸೆಂಕೊ ಬರಬರುತ್ತ ಮೆಂಡೆಲನ ನಿಯಮಗಳನ್ನೇ ತಳ್ಳಿಹಾಕಿದನು. ಅವನ್ನು ಒಪ್ಪುವವರು ಜನದ್ರೋಹಿಗಳೆಂಬ ಭಾವನೆ ಹರಡಿತು. ೧೯೩೫ರಲ್ಲಿ ವವಿಲೋವನ ಅಧ್ಯಕ್ಷ ಪದವಿ ಹೋಯಿತು. ೧೯೩೮ರಲ್ಲಿ ಆ ಪೀಠವನ್ನು ಲೈಸೆಂಕೊ ಏರಿದನು. ೧೯೩೯ರಲ್ಲಿ ಎಡಿನ್‌ಬರೊ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಅನುವಂಶಶಾಸ್ತ್ರ ಸಮ್ಮೇಳನಕ್ಕೆ ವವಿಲೋವನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದರೂ ಆತನಿಗೆ ದೇಶ ಬಿಡಲು ಅಪ್ಪಣೆ ಸಿಗಲಿಲ್ಲ. ಎಷ್ಟೋ ಮಂದಿ ಮೌನವಾದರು, ಕೆಲವರು ಮಾತು ಬದಲಿಸಿದರು. ಆತನು ಬದಲಿಸಲಿಲ್ಲ.

೧೯೪೦ರ ಆಗಸ್ಟ್ ೬ರಂದು ಪಶ್ಚಿಮ ಉಕ್ರೇನಿನಲ್ಲಿ ಸಸ್ಯಸಂಗ್ರಹ ಮಾಡುತ್ತಿದ್ದಾಗಲೇ ಆತನನ್ನು ಬಂಧಿಸಿದರು. ಹನ್ನೊಂದು ತಿಂಗಳ ಕಾಲ ನೂರಾರು ಬಾರಿ ವಿಚಾರಣೆ ನಡೆಯಿತು. ಬೇಸಾಯವನ್ನು ಹಾಳುಗೆಡವಿದನೆಂದೂ ಇಂಗ್ಲೆಂಡಿನ ಗೂಢಚಾರನೆಂದೂ ಅಪರಾಧ ಹೊರಿಸಿ ೧೯೪೧ರ ಜುಲೈ ೯ರಂದು ಮರಣದಂಡನೆ ವಿಧಿಸಿದರು. ಜರ್ಮನ್ ಸೈನ್ಯ ಮಾಸ್ಕೋವನ್ನು ಸಮೀಪಿಸಲು ಬಂದಿಗಳನ್ನು ಬೇರೆಡೆಗೆ ಸಾಗಿಸಿದರು. ಆತನನ್ನು ಒಯ್ದ ಊರು ಸರಾಟೊವ್. ಎರಡು ದಶಕಗಳ ಹಿಂದೆ ಯಾವ ನಗರದಲ್ಲಿ ತನ್ನ ನಿಯಮವನ್ನು ಮಂಡಿಸಿ ಕೀರ್ತಿ ಪಡೆದಿದ್ದನೋ ಅದೇ ನಗರದ ಸೆರೆಮನೆಯ ಇಕ್ಕಟ್ಟಾದ ಕೋಣೆಯಲ್ಲಿ ಆತನು ಕುಳಿತನು. ಬಂಧನದಲ್ಲಿದ್ದಾಗಲೇ ಲೋಕದ ಬೇಸಾಯದ ಇತಿಹಾಸವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು. ಅದರ ಹಸ್ತಪ್ರತಿ ಉಳಿಯಲಿಲ್ಲ. ಜೊತೆಯ ಬಂದಿಗಳಿಗೆ ವಿಜ್ಞಾನದ ಪಾಠ ಹೇಳಿದನು. ಯುದ್ಧದ ಭಯದಿಂದ ಲೆನಿನ್‌ಗ್ರಾಡನ್ನು ಬಿಟ್ಟುಬಂದಿದ್ದ ಆತನ ಪತ್ನಿ ಎಲೆನಾ ಬರುಲಿನಾ, ಮಗನೊಡನೆ ಅದೇ ಸರಾಟೊವಿನಲ್ಲಿದ್ದಳು. ಗಂಡನು ಕೆಲವೇ ಬೀದಿಗಳಾಚೆ ಇರುವನೆಂದು ಆಕೆಗೆ ತಿಳಿಯದು. ಮಾಸ್ಕೋದಲ್ಲಿರುವನೆಂದು ಭಾವಿಸಿ ತಿನಿಸಿನ ಗಂಟುಗಳನ್ನು ಅಲ್ಲಿಗೆ ಕಳುಹಿಸುತ್ತಿದ್ದಳು.

೧೯೪೨ರಲ್ಲಿ ಮರಣದಂಡನೆಯನ್ನು ೨೦ ವರ್ಷದ ಸೆರೆಗೆ ಇಳಿಸಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ತನ್ನ ವಿದೇಶೀ ಸದಸ್ಯನನ್ನಾಗಿ ಆರಿಸಿತು. ಆ ವೇಳೆಗೆ ಹಸಿವು ಆತನ ದೇಹವನ್ನು ತಿಂದುಹಾಕಿತ್ತು. ೧೯೪೩ರ ಜನವರಿ ೨೬ರಂದು, ೫೫ನೆಯ ವಯಸ್ಸಿನಲ್ಲಿ, ವವಿಲೋವನು ಸೆರೆಮನೆಯ ಆಸ್ಪತ್ರೆಯಲ್ಲಿ ತೀರಿಕೊಂಡನು.

ಇತ್ತ ಶತ್ರುಸೈನ್ಯದ ಮುತ್ತಿಗೆಗೆ ಸಿಕ್ಕಿದ್ದ ಲೆನಿನ್‌ಗ್ರಾಡಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ವವಿಲೋವನ ಸಂಸ್ಥೆಯಲ್ಲಿ ಅಕ್ಕಿ, ಗೋಧಿ, ಜೋಳ, ಕಡಲೆಕಾಯಿಗಳ ಪೊಟ್ಟಣಗಳು ತುಂಬಿದ್ದುವು. ಕಾವಲಿದ್ದವರು ಅವನ್ನು ಮುಟ್ಟಲಿಲ್ಲ. ಭತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್ ಸಾವಿರಾರು ಅಕ್ಕಿಯ ಪೊಟ್ಟಣಗಳ ನಡುವೆ ಹಸಿದು ಸತ್ತನು. ಹಾಗೆ ಸತ್ತವರು ಆತನೊಬ್ಬನೇ ಅಲ್ಲ. ಗುರುವನ್ನು ಸರ್ಕಾರ ದ್ರೋಹಿಯೆಂದು ಕರೆದಿತ್ತು. ಶಿಷ್ಯರು ಆತನ ಬೀಜವನ್ನು ತಮ್ಮ ಪ್ರಾಣಕ್ಕಿಂತ ಹೆಚ್ಚಾಗಿ ಕಾದರು.

ಇನ್ನು ಎರಡನೆಯ ಸಾಕ್ಷಿಯ ಮಾತು. ಆತನು ಸತ್ತ ಐದು ವರ್ಷಗಳ ಮೇಲೆ, ೧೯೪೮ರಲ್ಲಿ, ಅಮೆರಿಕದ ರಾಬರ್ಟ್ ಬ್ರೇಡ್‌ವುಡ್ ಇರಾಕಿನ ಉತ್ತರದ ಬೆಟ್ಟಸೀಮೆಯಲ್ಲಿ ಜಾರ್ಮೊ ಎಂಬ ಹಳ್ಳಿಯ ದಿಬ್ಬವನ್ನು ಅಗೆಯತೊಡಗಿದನು. ಅಲ್ಲಿ ಸುಮಾರು ೯೦೦೦ ವರ್ಷಗಳ ಹಿಂದಿನ ಸುಟ್ಟ ಗೋಧಿಯೂ ಬಾರ್ಲಿಯೂ ದೊರೆತುವು. ಡೆನ್ಮಾರ್ಕಿನ ಹಾನ್ಸ್ ಹೆಲ್ಬೆಕ್ ಅವನ್ನು ಪರೀಕ್ಷಿಸಿದನು. ಹಸಿಯ ಕಾಳು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಬೆಂಕಿಗೆ ಬಿದ್ದು ಇದ್ದಿಲಾದ ಕಾಳು ಕೊಳೆಯದೆ ಆಕಾರ ಕೆಡದೆ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿಗೆ ಸುರಿದರೆ ಮಣ್ಣು ತಳಕ್ಕಿಳಿದು ಹಗುರವಾದ ಇದ್ದಿಲು ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ೧೯೭೨-೭೩ರಲ್ಲಿ ಸಿರಿಯಾದ ಅಬು ಹುರೇರಾ ಎಂಬಲ್ಲಿ, ಅಣೆಕಟ್ಟಿನ ನೀರು ಏರಿಬರುವ ಮುನ್ನ, ಹೀಗೆ ಸೋಸಿದ ಮಣ್ಣಿನಿಂದ ನೂರಕ್ಕೂ ಹೆಚ್ಚು ಬಗೆಯ ಸಸ್ಯಗಳ ಬೀಜಗಳು ಹೊರಬಂದುವು.

ಕಾಡಿನ ಕಾಳಿಗೂ ಹೊಲದ ಕಾಳಿಗೂ ಭೇದ ತಿಳಿಯುವುದು ಹೇಗೆ? ಕಾಡುಗೋಧಿಯ ತೆನೆ ಹಣ್ಣಾದೊಡನೆ ಗೆಣ್ಣುಗೆಣ್ಣಾಗಿ ಮುರಿದು ಕಾಳು ನೆಲಕ್ಕುದುರುತ್ತದೆ. ಮುರಿದ ಜಾಗ ನುಣುಪಾಗಿರುತ್ತದೆ. ಸಾಗುವಳಿಯ ಗೋಧಿಯ ತೆನೆ ತಾನಾಗಿ ಉದುರದೆ ಕಣದಲ್ಲಿ ಬಡಿಯುವವರೆಗೂ ನಿಲ್ಲುತ್ತದೆ. ಬಡಿದಾಗ ಕಿತ್ತುಬಂದ ಜಾಗ ಒರಟಾಗಿರುತ್ತದೆ. ಇಂಥ ಗುರುತಿನಿಂದ ೨೩,೦೦೦ ವರ್ಷಗಳ ಹಿಂದೆ ಗಲಿಲೀ ಸರೋವರದ ದಡದ ಓಹಾಲೊ ಎಂಬಲ್ಲಿದ್ದ ಜನ ಕಾಡಿನ ಬಾರ್ಲಿಯನ್ನೂ ಎಮ್ಮರನ್ನೂ ಕೂಡಿಸಿ ತಿನ್ನುತ್ತಿದ್ದರೆಂದೂ, ಸಾಗುವಳಿಯ ತೆನೆಗಳು ಸುಮಾರು ೧೦,೫೦೦ ವರ್ಷಗಳ ಹಿಂದೆ ಕಾಣಿಸಿಕೊಂಡುವೆಂದೂ ತಿಳಿದುಬಂದಿದೆ. ಉದುರುವ ತೆನೆ ಉದುರದ ತೆನೆಯಾಗಿ ಪೂರ್ತಿ ಮಾರ್ಪಡಲು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತೆಂದು ೨೦೦೬ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಈ ಸಾಕ್ಷಿಯ ಮುಂದೆ ವವಿಲೋವನ ಮಾತು ಎಷ್ಟು ನಿಂತಿತು? ಬೇಸಾಯವು ಮಹಾನದಿಗಳ ಬಯಲಿನಲ್ಲಿ ಅಲ್ಲ, ಬೆಟ್ಟಸೀಮೆಯಲ್ಲಿ ಮೊದಲಾಯಿತೆಂಬ ಆತನ ಮಾತಿಗೆ ಬಲ ಬಂದಿತು. ತುರ್ಕಿಯ ಆಗ್ನೇಯ ಭಾಗ, ಸಿರಿಯಾ, ಪ್ಯಾಲೆಸ್ತೀನ್, ಇರಾಕ್, ಇರಾನ್‌ಗಳ ಬೆಟ್ಟಗಳ ತಪ್ಪಲಿನಲ್ಲಿಯೇ ಅತಿ ಪ್ರಾಚೀನವಾದ ಗೋಧಿ ಬಾರ್ಲಿಗಳು ದೊರೆತಿವೆ. ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದುದೆಂಬುದೂ ನಿಂತಿತು. ಆದರೆ ಎಮ್ಮರ್ ಮತ್ತು ಬಾರ್ಲಿಗಳಿಗೆ ಅಬಿಸೀನಿಯಾ ತವರೆಂಬ ಮಾತು ನಿಲ್ಲಲಿಲ್ಲ. ಅವು ಪಶ್ಚಿಮ ಏಷ್ಯದಲ್ಲಿ ಹುಟ್ಟಿ ಆಮೇಲೆ ಅಲ್ಲಿಗೆ ಹೋದವು; ಆ ನಾಡಿನ ಏರಿಳಿತದ ಕಣಿವೆಗಳಲ್ಲಿ ಬಗೆಬಗೆಯಾಗಿ ಬೆಳೆದುವು. ವೈವಿಧ್ಯ ಹೆಚ್ಚಿರುವ ಕಡೆಯೇ ಹುಟ್ಟು ಎಂದು ಯಾವಾಗಲೂ ಹೇಳಲಾಗದು. ಸೇರಿದ ಮನೆಯಲ್ಲಿಯೂ ಸಂತಾನ ಹೆಚ್ಚಬಹುದು. ಆತನು ಕಾಣದೆ ಹೋದ ನಮ್ಮ ನಾಡಿನಲ್ಲಿಯೂ ಈ ವಿಧಾನದಿಂದ ಹೊಸ ಸಂಗತಿ ತಿಳಿಯಿತು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕೊರಲೆ, ಹುರುಳಿ, ಹೆಸರುಗಳನ್ನು ಬೆಳೆಯುತ್ತಿದ್ದರೆಂದು ಸುಟ್ಟ ಕಾಳುಗಳೇ ಹೇಳಿವೆ.

ಹೀಗೆ ವವಿಲೋವನ ಮಾತಿಗೆ ಎರಡು ಬಗೆಯ ಖಂಡನೆ ನಡೆಯಿತು. ಒಂದನ್ನು ಅಧಿಕಾರವು ಮಾಡಿತು. ಅದು ಆತನ ದೇಹವನ್ನು ಕೊಂದಿತೇ ಹೊರತು ಆತನ ಒಂದು ವಾಕ್ಯವನ್ನೂ ಸುಳ್ಳೆಂದು ತೋರಿಸಲಾರದೆ ಹೋಯಿತು. ಇನ್ನೊಂದನ್ನು ಸಾಸಿವೆಯಷ್ಟು ಸಣ್ಣ ಸುಟ್ಟ ಚೂರುಗಳು ಮಾಡಿದುವು. ಅವು ಆತನ ತಪ್ಪನ್ನು ತಿದ್ದಿ, ಸರಿಯಾದುದನ್ನು ಎತ್ತಿಹಿಡಿದು, ಆತನ ಪ್ರಶ್ನೆಯನ್ನು ಮುಂದಕ್ಕೊಯ್ದುವು. ಆತನು ಬದುಕಿದ್ದರೆ ಮೊದಲನೆಯದಕ್ಕೆ ತಲೆಬಾಗುತ್ತಿರಲಿಲ್ಲ. ಎರಡನೆಯದನ್ನು ಸಂತೋಷದಿಂದ ಒಪ್ಪುತ್ತಿದ್ದನೆಂದು, ಐದು ಕೇಂದ್ರಗಳನ್ನು ತಾನಾಗಿಯೇ ಎಂಟೆಂದು ತಿದ್ದಿಕೊಂಡವನ ವಿಷಯದಲ್ಲಿ ನಂಬಬಹುದು.

೧೯೫೫ರಲ್ಲಿ ರಷ್ಯದ ನ್ಯಾಯಾಲಯ ಆತನು ನಿರಪರಾಧಿಯೆಂದು ಸಾರಿತು. ಒಂದು ದಶಕದೊಳಗೆ ಲೈಸೆಂಕೊವಿನ ಪ್ರಭಾವವೂ ಮುಗಿಯಿತು. ಆ ಬೀಜಭಂಡಾರ ಇಂದು ವವಿಲೋವನ ಹೆಸರನ್ನೇ ಹೊತ್ತಿದೆ. ಉಣ್ಣುವ ತುತ್ತಿನ ಹಿಂದೆ ಬಿತ್ತಿದವರ ಶ್ರಮವಿರುವಂತೆ, ಅದರ ಕಥೆಯನ್ನು ಅರಸಿದವರ ಶ್ರಮವೂ ಇದೆಯೆಂಬುದನ್ನು ನಾವು ಮರೆಯದಿರೋಣ.